ಹುರಿಹಿಟ್ಟಿನ ವಾಸನೆ

“ಅಯ್ಯನವರೇ, ಎಲ್ಲ ಕೋಟೆಗಳಲ್ಲೂ ಬೇಹುಗಾರರಿರುತ್ತಾರೆ. ಆದರೂ ಆಪತ್ತಿನ ಹೊತ್ತಿಗೆ, ಹಗೆಯ ದಂಡು ಬಾಗಿಲಿಗೆ ಬರುವ ತನಕ ಒಡೆಯನಿಗೆ ಸುದ್ದಿಯೇ ಮುಟ್ಟುವುದಿಲ್ಲ. ಯಾಕೆ?” ಎಂದು ಕಾಟಯ್ಯ ಕೇಳಿದ. ಬೇಹುಗಾರರ ಮೇಲಿನ ಯಜಮಾನಿಕೆ ಅವನಿಗೆ ಅದೇ ವಾರ ಸಿಕ್ಕಿತ್ತು. ಗುರುವಿನ ಆಶೀರ್ವಾದಕ್ಕೆಂದು ಬಂದಿದ್ದ.

ಅಯ್ಯನವರು ಅವನನ್ನು ಕೂರಿಸಿ ಕತೆ ಶುರು ಮಾಡಿದರು.

ಒಬ್ಬ ನಾಯಕನಿದ್ದ. ಅವನ ಕೋಟೆಯ ಹೊರಗೆ ಪೇಟೆ. ಪೇಟೆಯಲ್ಲಿ ಒಬ್ಬ ಉಪ್ಪಿನವನು. ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಪಕ್ಕದ ಸೀಮೆಯಲ್ಲಿ ಊರೂರು ತಿರುಗುವುದು ಅವನ ಕಸುಬು. ಅಲ್ಲಿ ಕಂಡದ್ದನ್ನು ಬಂದು ಹೇಳುವುದು ಯಾರಿಗೂ ಗೊತ್ತಿಲ್ಲದ ಇನ್ನೊಂದು ಕಸುಬು. ಅಂಥ ಬೇಹುಗಾರ ಹತ್ತು ಸೀಮೆ ಹುಡುಕಿದರೂ ಸಿಗುತ್ತಿರಲಿಲ್ಲ. ಅಂಗಳದಲ್ಲಿ ಒಣಹಾಕಿದ ಬಟ್ಟೆ ನೋಡಿಯೇ ಆ ಮನೆಯ ಗಂಡಸು ಊರಲ್ಲಿದ್ದಾನೋ ದಂಡಿಗೆ ಹೋಗಿದ್ದಾನೋ ಹೇಳಿಬಿಡುತ್ತಿದ್ದ.

ಒಂದು ವರ್ಷ ಅವನು ಓಡಿ ಬಂದು, ದಂಡು ಹೊರಟಿದೆ ಎಂದ. ಬೇಹಿನ ಯಜಮಾನ ಅದನ್ನು ನಾಯಕನಿಗೆ ಮುಟ್ಟಿಸಿದ. ನಾಯಕ ಪೇಟೆಯವರನ್ನೆಲ್ಲ ಕೋಟೆಯೊಳಕ್ಕೆ ಕರೆಸಿದ. ಹಗೆಯ ಕುದುರೆಗಳಿಗೆ ಮೇವು ಸಿಗಬಾರದೆಂದು ಕೊಯ್ಲಿಗೆ ಬಂದ ಜೋಳಕ್ಕೆ ಬೆಂಕಿ ಇಡಿಸಿದ. ದಂಡು ಅರ್ಧ ದಾರಿಗೆ ಬಂದು ಬೇರೆ ಕಡೆಗೆ ತಿರುಗಿತು. ಕೋಟೆ ಎಚ್ಚರವಾಗಿದೆ ಎಂದು ತಿಳಿದೇ ತಿರುಗಿತ್ತು. ಅದು ಯಾರ ಕಣ್ಣಿಗೆ ಕಾಣಬೇಕು? ಕಾಣುತ್ತಿದ್ದದ್ದು ಸುಟ್ಟ ಜೋಳ. ನಾಯಕ ಬೇಹಿನ ಯಜಮಾನನನ್ನು ತುಂಬಿದ ಸಭೆಯಲ್ಲಿ ತಲೆಯ ಪೇಟ ತೆಗೆಸಿ ನಿಲ್ಲಿಸಿದ. ಅವತ್ತೇ ಒಂದು ಕಟ್ಟಳೆಯನ್ನೂ ಮಾಡಿದ. ಇನ್ನು ಮೇಲೆ ಸುದ್ದಿ ತರುವವನು ಕೈಯಲ್ಲಿ ಹಿಡಿಯುವಂಥ ಗುರುತನ್ನೂ ತರಬೇಕು. ಗುರುತಿಲ್ಲದ ಸುದ್ದಿ ಸಭೆಯ ಮೆಟ್ಟಿಲು ಹತ್ತಬಾರದು.

ಮೂರು ವರ್ಷ ಕಳೆಯಿತು. ಉಪ್ಪಿನವನು ಒಂದು ದಿನ ಪಕ್ಕದ ಸೀಮೆಯ ದಾರಿಯಲ್ಲಿ ಮೂಗರಳಿಸಿ ನಿಂತ. ಒಂದೂರಲ್ಲ, ಸಾಲಾಗಿ ಆರು ಊರುಗಳಲ್ಲಿ ಮನೆಮನೆಯಲ್ಲೂ ರಾಗಿ ಹುರಿಯುತ್ತಿದ್ದರು. ಹಬ್ಬವಿಲ್ಲ, ಮದುವೆಯಿಲ್ಲ. ಇಷ್ಟೊಂದು ಹುರಿಹಿಟ್ಟು ಕಟ್ಟಿಕೊಂಡು ದೂರದ ದಾರಿ ಹಿಡಿಯುವವರು ದಂಡಿನವರಲ್ಲದೆ ಇನ್ನಾರು? ಕತ್ತೆಗಳನ್ನು ಅಲ್ಲೇ ಬಿಟ್ಟು ಕೋಟೆಗೆ ಓಡಿದ. ಪೇಟೆಯಲ್ಲಿ ಅವನ ಹೆಂಡತಿ ಹೆತ್ತು ಐದು ದಿನವಾಗಿತ್ತು. ಅವಳನ್ನು ಎಬ್ಬಿಸಿಕೊಂಡು ಗುಡ್ಡ ಹತ್ತಿ ಅಡಗುವಂತಿಲ್ಲ. ನಾಯಕನ ಅಪ್ಪಣೆಯಿಲ್ಲದೆ ಬಡವರಿಗೆ ಕೋಟೆಯೊಳಗೆ ಜಾಗವೂ ಇಲ್ಲ.

“ಗುರುತು ಎಲ್ಲಿ?” ಎಂದ ಬೇಹಿನ ಯಜಮಾನ.

“ಹುರಿಹಿಟ್ಟಿನ ವಾಸನೆ, ಬುದ್ಧಿ.”

“ಅದನ್ನು ನಾಯಕರ ಮುಂದೆ ಬೊಗಸೆಯಲ್ಲಿ ಹಿಡಿದು ತೋರಿಸುತ್ತೀಯೇನೋ? ಇಲ್ಲ, ಉಪ್ಪಿನ ಚೀಲಕ್ಕೆ ತುಂಬಿ ತಂದಿದ್ದೀಯೋ?”

ಬಾಗಿಲ ಕಾವಲಿನವರು ಬಿದ್ದು ಬಿದ್ದು ನಕ್ಕರು.

“ಹಸಿ ಬಾಣಂತಿ ಪೇಟೆಯಲ್ಲಿದ್ದಾಳೆ, ಬುದ್ಧಿ. ಸುಳ್ಳಾದರೆ ನನ್ನ ತಲೆ ತೆಗೆಸಿ.”

“ನಿನ್ನ ತಲೆ ಯಾರಿಗೆ ಬೇಕೋ? ಗುರುತು ತಾ, ಹೋಗು.”

ಉಪ್ಪಿನವನು ಬಂದ ದಾರಿಯಲ್ಲೇ ತಿರುಗಿ ಹೋದ. ನಾಲ್ಕನೆಯ ದಿನ ಗುರುತು ತಂದ. ಹಗೆಯ ಮುದ್ರೆಯಿದ್ದ ಬಾಣ ಅವನ ಹೆಗಲಲ್ಲೇ ನಾಟಿತ್ತು. ಹಿಂದೆಯೇ ದಂಡಿನ ಧೂಳು ಏಳುತ್ತಿತ್ತು. ಕಾವಲಿನವರು ಅವನನ್ನು ಎಳೆದುಕೊಂಡು ಹೋಗಿ ಸಭೆಯಲ್ಲಿ ಕೆಡವಿದರು. ನಾಯಕ ಬಾಣವನ್ನು ಕೀಳಿಸಿ, ಹೊರಳಿಸಿ ಹೊರಳಿಸಿ ನೋಡಿದ. “ಗುರುತು ಸರಿಯಾಗಿದೆ” ಎಂದು ಕೋಟೆಯ ಬಾಗಿಲು ಹಾಕಿಸಿದ. ಪೇಟೆಯವರನ್ನು ಕರೆಯಲು ಹೊತ್ತಿರಲಿಲ್ಲ.

ಉಪ್ಪಿನವನು ಒಳಗೆ ಉಳಿದ. ಬಾಣಂತಿ ಹೊರಗೆ ಉಳಿದಳು.

ಅಯ್ಯನವರು ಇಷ್ಟು ಹೇಳಿ ನಿಲ್ಲಿಸಿದರು. ಕಾಟಯ್ಯನಿಗೆ ಸಿಟ್ಟು ತಡೆಯಲಾಗಲಿಲ್ಲ. “ಥೂ, ಎಂಥ ದಡ್ಡ ಯಜಮಾನ! ಅಂಥ ಬೇಹುಗಾರನ ಮಾತು ನಂಬಲಾರದವನು ಆ ಜಾಗದಲ್ಲಿ ಯಾಕೆ ಕೂರಬೇಕು? ನಾನಾಗಿದ್ದರೆ ಕೇಳಿದ ಕ್ಷಣವೇ ನಂಬುತ್ತಿದ್ದೆ.”

“ಅವನೂ ನಂಬಿದ್ದ ಕಾಟಯ್ಯ, ಆ ಸಂಜೆಯೇ ಪೇಟೆಯಲ್ಲಿದ್ದ ತನ್ನ ಹೆಂಡತಿ ಮಕ್ಕಳನ್ನು ಸದ್ದಿಲ್ಲದೆ ಕೋಟೆಯೊಳಕ್ಕೆ ಕರೆಸಿಕೊಂಡಿದ್ದ.”