ಕಮ್ಮಾರನ ಸ್ವರಪಾಠ

“ಗುರುಗಳೇ, ನಾನು ಹಾಡು ನುಡಿಸಲು ಕಲಿಯಬೇಕೆಂದು ಬಂದವಳು. ಏರುವ ಇಳಿಯುವ ಈ ಸ್ವರಗಳನ್ನೇ ಇನ್ನೂ ಎಷ್ಟು ದಿನ ನುಡಿಸಲಿ? ಕೈ ನೋಯುತ್ತದೆ,” ಎಂದು ಪಿಯಾನೋದ ಮುಂದೆ ಕುಳಿತ ವಾರಿಜಾ ಕೇಳಿದಳು.

ಗುರು ಅವಳ ಬಿಗಿದ ಮಣಿಕಟ್ಟನ್ನು ನೋಡಿದರು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಳ್ಳಲು ಹೇಳಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಮ್ಮಾರನಿದ್ದ. ಹೆರಿಗೆಯಲ್ಲಿ ಅವನ ಹೆಂಡತಿ ತೀರಿಕೊಂಡಳು; ಹೆಣ್ಣುಮಗು ಉಳಿಯಿತು. ಬಸುರಿಯಾಗಿದ್ದಾಗ ಅವಳು ದಿನವೂ ಒಂದು ಹಾಡು ಗುನುಗುತ್ತಿದ್ದಳು. ಅದನ್ನು ಮಗುವಿಗೆ ಕೇಳಿಸಬೇಕೆಂಬುದು ಕಮ್ಮಾರನ ಆಸೆ. ಅವನ ಗಂಟಲಲ್ಲಿ ರಾಗ ನಿಲ್ಲುತ್ತಿರಲಿಲ್ಲ. ಹಾಗಾಗಿ ಇಗರ್ಜಿಯಲ್ಲಿ ಪಿಯಾನೋ ಕಲಿಸುತ್ತಿದ್ದ ಮುದುಕಿಯ ಬಳಿಗೆ ಹೋದ.

ಮುದುಕಿ ಏಳು ಸ್ವರ ತೋರಿಸಿದಳು. ಕಮ್ಮಾರನಿಗೆ ಅವಸರ. ಕಾದ ಕಬ್ಬಿಣ ಆರುವ ಮೊದಲೇ ಬಡಿಯಬೇಕು ಎಂಬುದೊಂದೇ ಅವನು ಬಲ್ಲ ವಿದ್ಯೆ. ಪಿಯಾನೋವನ್ನೂ ಹಾಗೆಯೇ ಬಡಿದ. ಮಣಿಕಟ್ಟು ಬಾತುಕೊಂಡಿತು. ಸುತ್ತಿಗೆ ಎತ್ತಲಾಗದೆ ಕುಲುಮೆ ಆರಿತು. ಮನೆಯಲ್ಲಿ ಮಗು ಎಡೆಬಿಡದೆ ಅಳುತ್ತಿತ್ತು.

ಒಂದು ಸಂಜೆ ಮಗುವನ್ನು ಎತ್ತಿಕೊಂಡೇ ಬಂದ. ಅತ್ತು ಅತ್ತು ಅದು ದಾರಿಯಲ್ಲೇ ನಿದ್ದೆಹೋಗಿತ್ತು.

“ನನ್ನ ಕೈಗೆ ಇದು ಒಗ್ಗದು, ತಾಯಿ,” ಎಂದ.

ಮುದುಕಿ ಅವನನ್ನು ಪಿಯಾನೋದ ಮುಂದೆ ಕೂರಿಸಿ, ಮಗುವನ್ನು ಅವನ ಎಡತೋಳಿನಲ್ಲಿ ಸರಿಯಾಗಿ ಮಲಗಿಸಿದಳು. “ಬಲಗೈಯಲ್ಲಿ ನುಡಿಸು. ಇವಳಿಗೆ ಎಚ್ಚರವಾಗಬಾರದು. ಇವತ್ತಿನ ಪಾಠ ಅಷ್ಟೇ, ಮಗಾ.”

ಕಮ್ಮಾರ ಉಸಿರನ್ನು ಸಣ್ಣಗೆ ಬಿಟ್ಟ. ಭುಜ ಇಳಿಸಿದ. ಒಂದು ಸ್ವರ ಒತ್ತಿ, ಅದು ಕರಗುವವರೆಗೆ ಕಾದ. ಮೂರು ಬೆರಳುಗಳ ಸರದಿ ಮುಗಿದಾಗ ಹೆಬ್ಬೆರಳು ಅವುಗಳ ಅಡಿಯಲ್ಲಿ ತಾನಾಗಿಯೇ ಮುಂದಿನ ಸ್ವರಕ್ಕೆ ನುಸುಳಿತು, ಮಲಗಿದವರ ತಲೆಯ ಕೆಳಗೆ ದಿಂಬು ಸರಿಸುವ ಕೈಯಂತೆ. ಮಗು ಏಳಲಿಲ್ಲ. ಸ್ವರಗಳು ಏರಿದವು, ಇಳಿದವು, ಮತ್ತೆ ಏರಿದವು. ಕೈ ಸ್ವರವನ್ನು ನುಡಿಸುತ್ತಿದೆಯೋ, ಸ್ವರವೇ ಕೈಯನ್ನು ಹೊತ್ತು ಸಾಗುತ್ತಿದೆಯೋ ಅವನಿಗೆ ತಿಳಿಯದೆ ಹೋಯಿತು. ಹೆಂಡತಿ ಪಕ್ಕದಲ್ಲಿ ಬಂದು ಸುಮ್ಮನೆ ಕುಳಿತಂತೆ ಅನ್ನಿಸಿತು. ತಿರುಗಿ ನೋಡಲಿಲ್ಲ; ನುಡಿಸುತ್ತಲೇ ಇದ್ದ.

ಅಂದಿನಿಂದ ದಿನವೂ ಹಾಗೆಯೇ ಬಂದ. ಕೈಯ ಬಾವು ಇಳಿಯಿತು. ಕುಲುಮೆ ಮತ್ತೆ ಉರಿಯಿತು. ಮಗು ಎಷ್ಟೇ ಅಳುತ್ತಿರಲಿ, ಆ ಸ್ವರಗಳು ಕಿವಿಗೆ ಬಿದ್ದೊಡನೆ ಕಣ್ಣು ಮುಚ್ಚುತ್ತಿತ್ತು.

ಗುರು ಮಾತು ನಿಲ್ಲಿಸಿದರು.

“ಕೊನೆಗೆ ಹೆಂಡತಿಯ ಹಾಡನ್ನು ಕಲಿತನೇ, ಗುರುಗಳೇ?” ಎಂದು ವಾರಿಜಾ ಕೇಳಿದಳು.

“ಮಗಳು ದೊಡ್ಡವಳಾದ ಮೇಲೆ ‘ಇದು ನಮ್ಮಮ್ಮನ ಹಾಡು’ ಎಂದು ಗುನುಗುತ್ತಿದ್ದುದು ಆ ಏಳು ಸ್ವರಗಳನ್ನೇ.”