ಮಾದಿಸೆಟ್ಟಿಯ ಮಗಳ ಹೆರಿಗೆ

"ಗುರುಗಳೇ, ಎಲ್ಲರ ಕಾಯಿಲೆಗೆಂದು ಎಲ್ಲರೂ ಸೇರಿ ಕೂಡಿಡುವ ನಿಧಿಗೆ ಉಳ್ಳವರು ಮನಸಾರೆ ಕೊಡುವಂತೆ ಮಾಡುವುದು ಹೇಗೆ?"

ಕೇಳಿದವನು ಬೊಪ್ಪಯ್ಯ. ಅರಸನು ಅವನನ್ನು ಗಡಿನಾಡೊಂದರ ಆರೈಕೆ ನಿಧಿಗೆ ಅಧಿಕಾರಿಯಾಗಿ ನೇಮಿಸಿದ್ದ. ಹೆಂಡತಿ ಮಕ್ಕಳೊಡನೆ ಮರುದಿನವೇ ಹೊರಡಬೇಕಿತ್ತು. ಅಲ್ಲಿಯ ನಿಧಿ ಬರಿದಾಗಿತ್ತು. ಭಟರನ್ನು ಕಳಿಸಿ ವಸೂಲಿ ಮಾಡಬೇಕಾದೀತೇನೋ ಎಂಬ ಚಿಂತೆ ಅವನಿಗೆ.

ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಮಾದಿಸೆಟ್ಟಿ ಎಂಬ ಬೆಲ್ಲದ ವ್ಯಾಪಾರಿಯಿದ್ದ. ಊರವರು ಆರೈಕೆಮನೆಯೊಂದನ್ನು ಕಟ್ಟಿ ಅದರ ನಿಧಿಯನ್ನು ಅವನ ಕೈಗೆ ಒಪ್ಪಿಸಿದ್ದರು. ಪ್ರತಿ ಮನೆಯೂ ಶಕ್ತಿಗೆ ತಕ್ಕಷ್ಟು ಕೊಡಬೇಕು. ಕಾಯಿಲೆ ಬಿದ್ದವರು ಯಾರೇ ಇರಲಿ, ಕೊಟ್ಟದ್ದೆಷ್ಟು ಎಂದು ಕೇಳದೆ ಮದ್ದು ಕೊಡಬೇಕು. ಇದು ಕಟ್ಟಳೆ. ಮಾದಿಸೆಟ್ಟಿ ಅದರಿಂದ ಒಂದು ಕಾಸನ್ನೂ ಮುಟ್ಟಿದವನಲ್ಲ. ಆದರೂ ನಿಧಿ ವರ್ಷದಿಂದ ವರ್ಷಕ್ಕೆ ಕರಗುತ್ತ ಬಂತು.

ಉಳ್ಳವರಿಗೆ ಜ್ವರ ಬಂದರೆ ರಾಜಧಾನಿಯಿಂದ ಪಂಡಿತರು ಪಲ್ಲಕ್ಕಿಯಲ್ಲಿ ಬರುತ್ತಿದ್ದರು. ತಾವು ಕಾಲಿಡದ ಮನೆಗೆ ತಾವೇಕೆ ಕೊಡಬೇಕೆಂದು ಅವರು ಕೈ ಹಿಂದೆಗೆದರು. ಬಡವರು ಕೊಟ್ಟಷ್ಟರಲ್ಲಿ ಆರೈಕೆಮನೆ ನಡೆಯಲಿಲ್ಲ. ಕಷಾಯ ನೀರಾಯಿತು. ಆಗ ಬಡವರೂ ಕೊಡಲು ಹಿಂದೆಮುಂದೆ ನೋಡತೊಡಗಿದರು. ಮಾದಿಸೆಟ್ಟಿ ಮನೆಮನೆಗೆ ಹೋಗಿ ಕೈಮುಗಿದು ಕೇಳಿಕೊಂಡ. ಯಾರೂ ಕದಲಲಿಲ್ಲ.

ಹೀಗಿರುವಾಗ ಅವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ರಾಜಧಾನಿಯ ಪಂಡಿತರಿಗೆ ಹೇಳಿಕಳಿಸಲು ತಾಯಿ ಸಿದ್ಧಳಾದಳು. ಮಗಳು ತಡೆದು ತಂದೆಯನ್ನು ಕೇಳಿದಳು.

"ಅಪ್ಪಾ, ನೀವು ನಡೆಸುವ ಆರೈಕೆಮನೆಯಲ್ಲಿ ಹೆರಿಗೆ ಮಾಡಿಸುವುದಿಲ್ಲವೇ?"

"ಮಾಡಿಸುತ್ತಾರೆ, ಮಗಳೇ. ಆದರೆ ನಿನ್ನಂಥವಳಿಗೆ ಅದು ತಕ್ಕ ಜಾಗವಲ್ಲ."

"ಅಲ್ಲಿ ಹೆರುವವರೂ ನನ್ನಂಥ ಹೆಂಗಸರೇ ಅಲ್ಲವೇ? ಇನ್ನೂ ಎರಡು ತಿಂಗಳಿದೆ. ನಾನು ಅಲ್ಲಿಗೇ ಹೋಗುತ್ತೇನೆ."

ತಾಯಿ ಅತ್ತಳು, ಗದರಿದಳು. ಮಗಳು ಮಾತು ಬದಲಿಸಲಿಲ್ಲ.

ಮಾದಿಸೆಟ್ಟಿ ಆರೈಕೆಮನೆಗೆ ಹೋದ. ಹಿಂದೆಯೂ ಎಷ್ಟೋ ಸಲ ಹೋಗಿದ್ದ. ಚಾವಡಿಯಲ್ಲಿ ಕೂತು ವರದಿ ಕೇಳಿ ಎದ್ದು ಬರುತ್ತಿದ್ದ. ಈ ಸಲ ಅನುಮತಿ ಕೇಳಿ ಹೆರಿಗೆಯ ಕೋಣೆಯೊಳಗೆ ಕಾಲಿಟ್ಟ. ಗೋಡೆ ಒಸರುತ್ತಿತ್ತು. ನೀರು ಕಾಯಿಸಲು ಸೌದೆಯಿರಲಿಲ್ಲ. ಇದ್ದೊಬ್ಬ ಸೂಲಗಿತ್ತಿ ಸಂಬಳ ಸಿಗದೆ ಹೊರಗೆ ಕೂಲಿಗೆ ಹೋಗಿದ್ದಳು. ಕಲ್ಲುಕುಟಿಗನೊಬ್ಬನ ಹೆಂಡತಿ ಹಸುಗೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬರಿ ನೆಲದ ಮೇಲೆ ಮಲಗಿದ್ದಳು. ಅವಳ ಜಾಗದಲ್ಲಿ ಮಾದಿಸೆಟ್ಟಿಗೆ ತನ್ನ ಮಗಳು ಕಂಡಳು. 

ಅಂದಿನಿಂದ ಅವನು ಅಂಗಡಿಯನ್ನು ತಮ್ಮನಿಗೆ ಬಿಟ್ಟು ಆರೈಕೆಮನೆಯಲ್ಲೇ ಉಳಿದ. ಆ ವರ್ಷದ ಬೆಲ್ಲದ ಲಾಭವನ್ನೆಲ್ಲ ಅದಕ್ಕೆ ಸುರಿದ. ಗೋಡೆ ಕಟ್ಟಿಸಿದ, ಮಂಚ ಹಾಕಿಸಿದ, ಕೂಲಿಗೆ ಹೋಗಿದ್ದ ಸೂಲಗಿತ್ತಿಯನ್ನು ಬಾಕಿ ಸಂಬಳ ಕೊಟ್ಟು ಮರಳಿ ಕರೆಸಿದ, ಪಕ್ಕದ ಊರಿನಿಂದ ಕೈಗುಣವುಳ್ಳ ಇನ್ನೊಬ್ಬ ಸೂಲಗಿತ್ತಿಯನ್ನು ಕರೆತಂದ. ಅಲ್ಲಿ ಮಲಗಿ ಎದ್ದವರನ್ನೇ ಮೇಲ್ವಿಚಾರಣೆಗೆ ಕೂರಿಸಿದ. ಕಲ್ಲುಕುಟಿಗನ ಹೆಂಡತಿ ಮದ್ದಿನ ಉಸ್ತುವಾರಿ ವಹಿಸಿಕೊಂಡಳು. ಕಷಾಯ ತೆಳ್ಳಗಿದ್ದರೆ ಅವಳು ಆರೈಕೆಮನೆಯ ಪಂಡಿತನನ್ನೂ ಬಿಡುತ್ತಿರಲಿಲ್ಲ.

ಮಗಳಿಗೆ ದಿನ ತುಂಬಿತು; ಅವಳು ಆರೈಕೆಮನೆಗೇ ಬಂದಳು. ಮಗು ಅಡ್ಡ ತಿರುಗಿತ್ತು. ಇಬ್ಬರು ಸೂಲಗಿತ್ತಿಯರೂ ಸೇರಿ ಹೆಣಗಿದರು. ಹೊರಗೆ ಜಗಲಿಯ ಮೇಲೆ ಮಾದಿಸೆಟ್ಟಿ ಕೂತಿದ್ದ; ಹೆಂಡತಿ ಅವನ ಮುಖ ನೋಡಲಿಲ್ಲ. ಕೊನೆಗೆ ಕೂಸು ಅತ್ತಿತು. ಮಗಳೂ ಉಳಿದಳು.

ಮಗು ನೋಡಲು ಊರಿನ ದೊಡ್ಡ ಮನೆಗಳ ಹೆಂಗಸರೆಲ್ಲ ಬಂದರು. ಮಂಚ ನೋಡಿದರು, ಕುದಿಯುವ ನೀರು ನೋಡಿದರು. ಮುಂದಿನ ತಿಂಗಳು ಜವಳಿ ವ್ಯಾಪಾರಿಯ ಸೊಸೆ ಹೆರಿಗೆಗೆ ಅಲ್ಲಿಗೇ ಬಂದಳು. ಯಾರೂ ಕೇಳದೆಯೇ ಜವಳಿ ವ್ಯಾಪಾರಿ ತನ್ನ ಪಾಲು ಕಳಿಸಿದ. ಜೊತೆಗೆ, ಸೌದೆ ಹಸಿಯಾಗಿದೆ ಎಂದು ಜಗಳಕ್ಕೂ ಬಂದ. ಆ ಜಗಳ ಕೇಳುವಾಗ ಮಾದಿಸೆಟ್ಟಿಗೆ ಕಣ್ಣು ತುಂಬಿ ಬಂತು. ಈ ಮನೆ ಇನ್ನು ಬೀಳುವುದಿಲ್ಲ ಎಂದು ಅವನಿಗೆ ಅಂದು ನಂಬಿಕೆಯಾಯಿತು.

ಕತೆ ಮುಗಿಯಿತು. ಬೊಪ್ಪಯ್ಯನ ಮುಖ ಅರಳಿತು.

"ತಿಳಿಯಿತು ಗುರುಗಳೇ. ಹೋದೊಡನೆ ಗೋಡೆ ಸರಿಮಾಡಿಸುತ್ತೇನೆ, ಸೂಲಗಿತ್ತಿಯರಿಗೆ ಸಂಬಳ ಕೊಡಿಸುತ್ತೇನೆ."

ಗುರುಗಳು ಅವನನ್ನೇ ನೋಡುತ್ತ ಕೇಳಿದರು: "ನಿನ್ನ ಮಗುವಿಗೆ ಜ್ವರ ಬಂದರೆ ಎಲ್ಲಿಗೆ ಎತ್ತಿಕೊಂಡು ಓಡುತ್ತೀಯೆ?"