ಮಧ್ಯಾಹ್ನದ ಎಮ್ಮೆ

ಎಮ್ಮೆಗಳ ತಂಡ ಲೀಗಿನ ಮೊದಲನೇ ಆಟದಲ್ಲೇ ಕತ್ತೆಗಳಿಗೆ ಒಂಬತ್ತು ಗೋಲು ಬಾರಿಸಿತ್ತು. ಆಡುಗಳು ತಮ್ಮ ಮೊದಲನೇ ಆಟ ಸೋತು ಕೂತಿದ್ವು. ಮುಂದಿನ ಆಟ ಎಮ್ಮೆಗಳ ಜೊತೆ, ಅದನ್ನೂ ಸೋತ್ರೆ ಲೀಗಿನಿಂದ ಹೊರಗೆ. ಕೊನೇಗೆ ಗೆದ್ದೋರಿಗೆ ಸಿಗೋ ಕೆರೆ ಏರಿ ಹುಲ್ಲಿನ ಆಸೇನೂ ಬಿಡಬೇಕಿತ್ತು.

ಆಡುಗಳ ಗೋಲು ಕಾಯೋನು ಒಬ್ಬ ಮುದಿ ಹೋತ. ಅವನ ಹತ್ರ ಕಾಗೆ ಬಂದು, "ಗಡ್ಡದಜ್ಜ, ಎಮ್ಮೆಗಳ ಆಟ ನೋಡ್ಕೊಂಡು ಬಂದೆ. ನಿಮ್ಮನ್ನ ತುಳಿದು ಚಟ್ನಿ ಮಾಡ್ತವೆ," ಅಂತು.

"ಅವು ಆಡಿದ್ದು ಯಾವ ಹೊತ್ತಲ್ಲಿ?"

"ಬೆಳಗಿನ ತಂಪಲ್ಲಿ."

"ನಾಳೆ ಆಟ ನಮ್ಮ ಬಯಲಲ್ಲಿ. ಬಯಲು ಯಾರದೋ ಹೊತ್ತು ಹೇಳೋರೂ ಅವರೇ. ನಡುಮಧ್ಯಾಹ್ನ ಬನ್ನಿ ಅಂತ ಹೇಳ್ಬಿಡು. ಈ ಗಡ್ಡ ಸುಮ್ನೆ ಬೆಳೆದಿಲ್ಲ ಕಣೋ."

ಮಾರನೇ ದಿನ ನೋಡಿದ್ರೆ ಆಕಾಶದ ತುಂಬ ಮೋಡ. ಎಮ್ಮೆಗಳು ನುಗ್ಗಿ ಎರಡು ಗೋಲು ಹೊಡೆದ್ವು.

"ಗಡ್ಡ ಈಗ ಏನಂತದೆ ಅಜ್ಜ?" ಅಂತ ಕಾಗೆ ಕೆಣಕಿತು. ಹೋತ ಗತ್ತಲ್ಲೇ ನಿಂತಿದ್ರೂ ಮಂಡಿ ನಡುಗ್ತಿತ್ತು.

ಆಮೇಲೆ ಮೋಡ ಸರೀತು. ಬಿಸಿಲು ಬೆನ್ನಿಗೆ ಬಿದ್ದಿದ್ದೇ ತಡ, ಎಮ್ಮೆಗಳ ನಾಯಕಿ ಚೆಂಡು ಬಿಟ್ಟು ಪಕ್ಕದ ಕೆರೆಗೆ ಇಳಿದ್ಲು. ಹಿಂದೇನೇ ತಂಡ ಪೂರ್ತಿ ಇಳಿದು, ಮೂಗು ಮಾತ್ರ ಮೇಲಿಟ್ಕೊಂಡು ಕಣ್ಣು ಮುಚ್ತು. ಆಡುಗಳು ನಿಧಾನಕ್ಕೆ ಮೂರು ಗೋಲು ಹೊಡೆದು ಆಟ ಮುಗಿಸಿದ್ವು.

ಹೋತ ಉಸ್ಸಪ್ಪಾ ಅಂತ ಗೋಲಿನ ಬಾಯಲ್ಲೇ ಕಾಲು ಮಡಚಿ ಕೂತ. "ಬೆಳಗಿನ ಎಮ್ಮೆ ನೋಡಿ ಮಧ್ಯಾಹ್ನದ ಎಮ್ಮೆಗೆ ಬೆಲೆ ಕಟ್ಟಬಾರದು ಕಾಗಣ್ಣ," ಅಂದ.

"ಸರಿ, ಮೋಡ ಸರೀದೇ ಇದ್ದಿದ್ರೆ?"

"ಅದನ್ನ ಆಮೇಲೆ ಕೇಳು. ಮೊದಲು ಈ ಮಂಡಿ ನಡುಗೋದು ನಿಲ್ಲಲಿ."